ಕಾಲೇಜು ಲ್ಯಾಬ್‌ನಲ್ಲಿ ಒಂದು ಮಧ್ಯಾಹ್ನ ಕಂಪೈಲರ್‌ಗೂ ಕೊಡಿ

ಮಾನ್ಯ ಸಂಪಾದಕರೇ,

ಎಂಬೆಡೆಡ್ ಕೆಲಸಗಳ (ಯಂತ್ರದೊಳಗಿನ ಚಿಪ್‌ಗೆ ಪ್ರೋಗ್ರಾಂ ಬರೆಯುವ ಕೆಲಸಗಳ) ಬಗ್ಗೆ ನಿಮ್ಮ ಶಿಕ್ಷಣ ಪುಟದಲ್ಲಿ ಬಂದ ಲೇಖನ ಓದಿದೆ. ಬೋರ್ಡು, ಸೆನ್ಸರ್, ಸಿ ಭಾಷೆ ಎಲ್ಲ ಇತ್ತು. ನಾವು ಬರೆದದ್ದನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್ ಮಾತೇ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಲ್ಲೂ ನಾನು ಕಾಣುವ ಕೊರತೆ ಇದೇ.

ಹೋದ ವರ್ಷ ಒಂದು ಮೋಟಾರ್ ಕಂಟ್ರೋಲರ್ ನಮ್ಮನ್ನು ಮೂರು ದಿನ ಸತಾಯಿಸಿತು. ಆರ್ಮ್ ವಿನ್ಯಾಸದ ಕಾರ್ಟೆಕ್ಸ್ ಎಂ4 ಚಿಪ್. ವೇಗ ಎಷ್ಟು ಕೊಟ್ಟರೂ ಮೋಟಾರ್ ಅಲ್ಲಾಡಲಿಲ್ಲ. ಒಂದು ಎರರ್ ಇಲ್ಲ, ವಾರ್ನಿಂಗ್ ಇಲ್ಲ. ವೈರ್ ಬದಲಿಸಿದೆವು, ಬೋರ್ಡೇ ಬದಲಿಸಿದೆವು. ಕೊನೆಗೆ ವೇಗ ತೆಗೆದುಕೊಳ್ಳುವ ಫಂಕ್ಷನ್ ಬಾಗಿಲಲ್ಲೇ ಡೀಬಗರ್‌ನಿಂದ ಪ್ರೋಗ್ರಾಂ ನಿಲ್ಲಿಸಿ ರಿಜಿಸ್ಟರ್ (ಚಿಪ್ ಒಳಗೆ ಮೌಲ್ಯ ಇಡುವ ಪುಟ್ಟ ಗೂಡು) ನೋಡಿದರೆ, ನಾವು ಕಳಿಸಿದ ವೇಗ 25.5 ಎಸ್0 ರಿಜಿಸ್ಟರ್‌ನಲ್ಲಿ ಸುಮ್ನೆ ಕೂತಿತ್ತು, ಫಂಕ್ಷನ್ ಮಾತ್ರ ಆರ್0 ಓದುತ್ತಿತ್ತು. ಅಲ್ಲಿದ್ದದ್ದು ಹಳೆಯ ರ‍್ಯಾಮ್ ವಿಳಾಸ, ಹೆಕ್ಸ್‌ನಲ್ಲಿ 20000410. ಅದನ್ನು ಫ್ಲೋಟ್ (ದಶಾಂಶ ಸಂಖ್ಯೆ) ಅಂತ ಓದಿದರೆ ದಶಾಂಶದ ಚುಕ್ಕೆ ಆದಮೇಲೆ 18 ಸೊನ್ನೆ, ಆಮೇಲೆ ಒಂದು. ಮೋಟಾರ್ ಹೇಗೆ ತಿರುಗೀತು?

ಕರೆಯುವ ಕೋಡು ಮೌಲ್ಯ ಎಲ್ಲಿ ಇಡಬೇಕು, ಫಂಕ್ಷನ್ ಎಲ್ಲಿಂದ ಎತ್ತಿಕೊಳ್ಳಬೇಕು ಅನ್ನುವ ಕರಾರಿಗೇ ಕಾಲಿಂಗ್ ಕನ್ವೆನ್ಷನ್ ಅನ್ನುವುದು. ಆರ್ಮ್‌ನಲ್ಲಿ ಪೂರ್ಣಾಂಕಗಳಾದರೆ ಮೊದಲ ನಾಲ್ಕು ಆರ್0 ಇಂದ ಆರ್3, ಮಿಕ್ಕವು ಸ್ಟ್ಯಾಕ್‌ಗೆ. ಫ್ಲೋಟ್ ಎಲ್ಲಿಗೆ ಹೋಗುತ್ತದೆ ಅನ್ನುವುದು ಕಂಪೈಲರ್‌ಗೆ ಕೊಡುವ ಫ್ಲೋಟ್-ಎಬಿಐ ಆಪ್ಷನ್ ಮೇಲೆ ನಿಂತಿದೆ: ಸಾಫ್ಟ್‌ಎಫ್‌ಪಿ ಆದರೆ ಆರ್0, ಹಾರ್ಡ್ ಆದರೆ ಎಸ್0. ಪ್ರೋಗ್ರಾಂ ವೇಗ ಜಾಸ್ತಿ ಆಗಲಿ ಅಂತ ಯಾರೋ ಮೇಕ್‌ಫೈಲ್‌ನಲ್ಲಿ (ಕಂಪೈಲರ್ ಆಪ್ಷನ್‌ಗಳನ್ನು ಬರೆದಿಡುವ ಫೈಲ್) ಹಾರ್ಡ್ ಮಾಡಿದ್ದರು. ಸಿ ಫೈಲ್‌ಗಳು ಹೊಸ ಕರಾರಿಗೆ ಬಂದವು, ಕೈಯಲ್ಲಿ ಬರೆದ ಒಂದು ಹಳೆಯ ಅಸೆಂಬ್ಲಿ (ಚಿಪ್‌ನ ಆಜ್ಞೆಗಳನ್ನೇ ನೇರವಾಗಿ ಬರೆಯುವ ಭಾಷೆ) ಫಂಕ್ಷನ್ ಬರಲಿಲ್ಲ. ಬೇರೆ ಬೇರೆ ಕರಾರಿನ ಎರಡೂ ಸಿ ಫೈಲ್ ಆಗಿದ್ದರೆ, ಕಂಪೈಲರ್ ಹಾಕಿದ ಕರಾರಿನ ಗುರುತು ನೋಡಿ ಲಿಂಕರ್ (ಫೈಲ್‌ಗಳನ್ನು ಜೋಡಿಸುವ ಪ್ರೋಗ್ರಾಂ) ತಡೆಯುತ್ತಿತ್ತು. ಅಸೆಂಬ್ಲಿಯಲ್ಲಿ ಆ ಗುರುತನ್ನು ನಾವೇ ಬರೆಯಬೇಕು, ಬರೆದಿರಲಿಲ್ಲ.

‘ಓ2 (ಕೋಡ್ ಚುರುಕು ಮಾಡುವ ಕಂಪೈಲರ್ ಆಪ್ಷನ್) ಹಾಕಿದರೆ ಕೋಡ್ ಕೆಡುತ್ತದೆ’ ಅನ್ನುವ ಮಾತೂ ಇಂಥದ್ದೇ. ಇಂಟರಪ್ಟ್ ಬದಲಿಸುವ ವೇರಿಯಬಲ್‌ಗೆ ವೊಲಟೈಲ್ (‘ಇದು ಯಾವಾಗ ಬೇಕಾದರೂ ಬದಲಾದೀತು’ ಅಂತ ಕಂಪೈಲರ್‌ಗೆ ಹೇಳುವ ಪದ) ಬರೆಯದೆ ಬಿಟ್ಟು, ತಪ್ಪನ್ನು ಕಂಪೈಲರ್ ಮೇಲೆ ಹೊರಿಸಿದರೆ ಹೇಗೆ?

ನಾನು ಕಾಲೇಜುಗಳನ್ನು ಕೇಳುವುದು ಒಂದೇ ಮಧ್ಯಾಹ್ನ. ಹತ್ತು ಸಾಲಿನ ಪ್ರೋಗ್ರಾಂ ಒಂದನ್ನು ಓ0 (ಚುರುಕು ಮಾಡದೆ), ಓಎಸ್ (ಗಾತ್ರ ಚಿಕ್ಕದು ಮಾಡಿ) ಎರಡರಲ್ಲೂ ಕಂಪೈಲ್ ಮಾಡಿ, ಆಬ್ಜ್‌ಡಂಪ್‌ನಿಂದ ಅಸೆಂಬ್ಲಿ ತೆಗೆದು ಅಕ್ಕಪಕ್ಕ ಇಟ್ಟು ಓದಿಸಿ, ಆಮೇಲೆ ಫ್ಲೋಟ್ ಆಪ್ಷನ್ ಬದಲಿಸಿ ಮೌಲ್ಯ ಯಾವ ರಿಜಿಸ್ಟರ್‌ಗೆ ಹೋಯಿತು ಅಂತ ಅವರಿಂದಲೇ ಹುಡುಕಿಸಿ. ಜಿಸಿಸಿ ಕಂಪೈಲರ್ ಉಚಿತ, ಖರ್ಚೇನೂ ಇಲ್ಲ ಅಲ್ವಾ? ಬೆಂಗಳೂರಿನ ಸುತ್ತಮುತ್ತ ಯಾವ ಕಾಲೇಜು ಕರೆದರೂ ಶನಿವಾರ ಬಂದು ತೋರಿಸುತ್ತೇನೆ, ಆ ಬೋರ್ಡನ್ನೂ ತರುತ್ತೇನೆ.

– ಒಬ್ಬ ಫರ್ಮ್‌ವೇರ್ ಎಂಜಿನಿಯರ್, ಬೆಂಗಳೂರು