ಮಣ್ಣು ಮುಟ್ಟದೆ ಕೊಟ್ಟ ಮಣ್ಣಿನ ವರದಿ, ಸೊರಗಿ ಹೋದ ಟೊಮೆಟೊ: ಒಂದು ದೂರು

ದಿನಾಂಕ: 14 ಅಕ್ಟೋಬರ್ 2025

ಇಂದ: ನಿಮ್ಮ ಹಸಿರು ಕಾರ್ಡ್ ತಗೊಂಡ ಒಬ್ಬ ಟೊಮೆಟೊ ಬೆಳೆಗಾರ್ತಿ, ಇರಕಲ್ಲಗಡ ಹೋಬಳಿ, ಕೊಪ್ಪಳ ತಾಲ್ಲೂಕು

ಗೆ: ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಒಂದು ಎಕರೆ ಟೊಮೆಟೊಗೆ ತಗೊಂಡ ‘ಮಣ್ಣಿನ ಆರೋಗ್ಯ ಮತ್ತು ರೋಗ ನಿರ್ವಹಣೆ’ ಪ್ಯಾಕೇಜ್ ಬಗ್ಗೆ

ಮಾನ್ಯರೇ,

ಈ ಪತ್ರ ಬರೆಯುವ ಮುಂಚೆ ನಿಮ್ಮ ಸಹಾಯವಾಣಿಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಹನ್ನೊಂದು ಸಲವೂ ‘ನಿಮ್ಮ ಮಣ್ಣು, ನಮ್ಮ ಹೊಣೆ’ ಅನ್ನೋ ಹಾಡು ಕೇಳಿದ್ದೇನೆ. ಈಗ ಅದು ನನ್ನ ಮಗನಿಗೆ ಬಾಯಿಪಾಠ. ನಾಲ್ಕು ಸಲ ಮನುಷ್ಯರು ಸಿಕ್ಕರು. ನಾಲ್ವರೂ 48 ಗಂಟೆಯೊಳಗೆ ಹೊಲಕ್ಕೆ ಬರ್ತೀವಿ ಅಂದರು. ನಿನ್ನೆ ಸಂಜೆ ಬಂದದ್ದು ಒಂದು ಮೆಸೇಜು: ‘ನಿಮ್ಮ ದೂರನ್ನು ಯಶಸ್ವಿಯಾಗಿ ಬಗೆಹರಿಸಲಾಗಿದೆ. ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ?’ ಸಿಟ್ಟಿನಲ್ಲಿ ಬರೆಯಬಾರದು ಅಂತ ರಾತ್ರಿ ಸುಮ್ನೆ ಮಲಗಿ, ಬೆಳಿಗ್ಗೆ ಕೂತಿದ್ದೇನೆ. ನೋಡೋಣ.

ಜುಲೈ 9ರಂದು ನಮ್ಮೂರ ಗುಡಿ ಕಟ್ಟೆಯ ಮೇಲೆ ನಿಮ್ಮವರು ಸಭೆ ಮಾಡಿದರು. ಎಕರೆಗೆ 14,500 ರೂಪಾಯಿ. ಮಣ್ಣು ಪರೀಕ್ಷೆ, ಅದಕ್ಕೆ ತಕ್ಕ ಗೊಬ್ಬರದ ಪಟ್ಟಿ, ಸಸಿ, ಜೈವಿಕ ಪುಡಿ, ಆಮೇಲೆ ಬೆಳೆ ಮುಗಿಯುವವರೆಗೆ ಹದಿನೈದು ದಿನಕ್ಕೊಮ್ಮೆ ಭೇಟಿ. ರೋಗ ಕಂಡರೆ 48 ಗಂಟೆಯೊಳಗೆ ಹೊಲಕ್ಕೆ. ಇದೆಲ್ಲ ನೀವು ಕೊಟ್ಟ ಹಸಿರು ಕಾರ್ಡ್‌ನ ಹಿಂಬದಿ ಇದೆ, ಅಚ್ಚು ಹಾಕಿಸಿದವರೇ ನೀವು. ಅವತ್ತು ನಾನು ಒಂದೇ ಒಂದು ಪ್ರಶ್ನೆ ಕೇಳಿದ್ದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರೂ ರೋಗ ತಡೆಯುತ್ತದಂತಲ್ಲ, ಅದರ ಸಸಿ ಕೊಡ್ತೀರಾ ಅಂತ. ‘ಅದು ಹಳೇದಾಯ್ತು ಅಕ್ಕಾ, ನಮ್ಮದು ಅದರಪ್ಪ’ ಅಂದರು. ಜನ ನಕ್ಕರು. ನಾನೂ ನಕ್ಕೆ.

ಮಣ್ಣು ತೆಗೆಯೋಕೆ ಒಬ್ಬ ಹುಡುಗ ಬೈಕ್ ಮೇಲೆ ಬಂದ. ಬೈಕ್ ಬಂದ್ ಮಾಡಲಿಲ್ಲ. ಬದುವಿನ ಮೇಲಿನ ಬೇವಿನ ಮರದ ಕೆಳಗೆ, ತಿಪ್ಪೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಒಂದೇ ಕಡೆ ಮೇಲ್ಮೇಲೆ ಕೆರೆದು ಚೀಲಕ್ಕೆ ಹಾಕಿಕೊಂಡ. ಹೊಲದ ಎಂಟು ಹತ್ತು ಕಡೆ ‘ವಿ’ ಆಕಾರದ ಗುಂಡಿ ತೆಗೆದು, 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ಕೆತ್ತಿ, ಎಲ್ಲ ಕಲಸಿ, ಅದರಲ್ಲಿ ಅರ್ಧ ಕೆಜಿ ಒಯ್ಯಬೇಕು. ಮರದ ಬುಡ, ಬದು, ತಿಪ್ಪೆ ಹತ್ತಿರ ತೆಗೆಯಲೇಬಾರದು. ಇದು ರೈತ ಸಂಪರ್ಕ ಕೇಂದ್ರದ ಗೋಡೆ ಮೇಲೂ ಬರೆದಿರುತ್ತದೆ. ಹೇಳಿದೆ. ‘ಮಷೀನ್ ಎಲ್ಲ ಕಂಡು ಹಿಡಿಯುತ್ತೆ ಅಕ್ಕಾ’ ಅಂತ ಹೊರಟ.

ಮಷೀನ್ ಏನು ಕಂಡು ಹಿಡಿಯಿತೋ ಗೊತ್ತಿಲ್ಲ. ವರದಿ ಬಂತು. ಪಿಎಚ್ 8.2, ಸಾವಯವ ಇಂಗಾಲ ಇಷ್ಟು, ಸತು ಇಷ್ಟು, ಬೋರಾನ್ ಇಷ್ಟು, ಒಟ್ಟು ಹನ್ನೆರಡು ಅಂಕಿ. ನಮ್ಮ ಪಕ್ಕದ ಹೊಲದ ಕಾಕಾ ಕೂಡ ನಿಮ್ಮ ಕಾರ್ಡ್ ತಗೊಂಡಿದ್ದಾರೆ. ನನ್ನದು ಮಸಾರಿ ಭೂಮಿ, ಕೆಂಪು ಮಣ್ಣು; ಅವರದು ಹಳ್ಳದ ದಂಡೆಯ ಎರಿ ಭೂಮಿ, ಕಪ್ಪು ಮಣ್ಣು. ಎರಡೂ ವರದಿ ಪಕ್ಕ ಪಕ್ಕ ಇಟ್ಟು ನೋಡಿದೆವು. ಹನ್ನೆರಡಕ್ಕೆ ಹನ್ನೆರಡೂ ಒಂದೇ! ಹೆಸರು ಮಾತ್ರ ಬೇರೆ. ಅವರ ಹೆಸರಿನಲ್ಲಿ ಒಂದು ಅಕ್ಷರ ತಪ್ಪು. ರೈತರ ಕಣ್ಣಿಗೆ ಮಣ್ಣೆರಚೋದಕ್ಕಾದರೂ ಮೊದಲು ಮಣ್ಣು ಮುಟ್ಟಬೇಕಲ್ವಾ?

ಕೊನೆಯ ಸಾಲು ಇನ್ನೂ ಚೆಂದ: ‘ಎಕರೆಗೆ 200 ಕೆಜಿ ಕೃಷಿ ಸುಣ್ಣ ಹಾಕಿ.’ ಸುಣ್ಣ ಹಾಕುವುದು ಹುಳಿ ಮಣ್ಣಿಗೆ, ಮಲೆನಾಡಿನ ಕಡೆ. ಪಿಎಚ್ 8.2 ಅಂದರೆ ಹುಳಿಯಲ್ಲ, ಕ್ಷಾರದ ಮಣ್ಣು; ಅದಕ್ಕೆ ಮತ್ತೆ ಸುಣ್ಣ ಸುರಿದರೆ ಮಣ್ಣಿನಲ್ಲಿರೋ ಕಬ್ಬಿಣ, ಸತು ಬೇರಿಗೆ ಸಿಗದೆ ಎಲೆ ಬೆಳ್ಳಗಾಗುತ್ತದೆ. ಪುಣ್ಯಕ್ಕೆ ನಾನು ಹಾಕಲಿಲ್ಲ. ಆ ಸುಣ್ಣ ಗೌರಿ ಹಬ್ಬದ ಮುಂದೆ ಮನೆ ಗೋಡೆಗೆ ಬಳಿದಿದ್ದೇನೆ. ನಿಮ್ಮ ಪ್ಯಾಕೇಜ್‌ನಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಆಗಸ್ಟ್ 4ಕ್ಕೆ ನಾಟಿ. 7,000 ಸಸಿ. ನೀವು ಹೇಳಿದಂತೆ ಟ್ರೈಕೋಡರ್ಮಾ ಪುಡಿಯನ್ನು ಬೇವಿನ ಹಿಂಡಿ, ತಿಪ್ಪೆ ಗೊಬ್ಬರದ ಜೊತೆ ಕಲಸಿ, ನೆರಳಲ್ಲಿಟ್ಟು, ಸಾಲಿಗೆ ಹಾಕಿದೆ. ನಾಲ್ಕೇ ದಿನಕ್ಕೆ ವಾಟ್ಸಾಪ್ ಬಂತು: ಬುಡಕ್ಕೆ ಕಾರ್ಬೆಂಡಜಿಮ್ ಹಾಕಿ ಅಂತ. ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರವೇ, ಬೇರಿಗೆ ರೋಗ ತರುವ ಶಿಲೀಂಧ್ರಗಳನ್ನು ತಡೆಯುವಂಥದ್ದು. ಕಾರ್ಬೆಂಡಜಿಮ್ ಶಿಲೀಂಧ್ರ ಕೊಲ್ಲೋ ಔಷಧ. ಬೆಳಿಗ್ಗೆ ಕೋಳಿಮರಿ ಮಾರಿ, ಮಧ್ಯಾಹ್ನ ಅದೇ ಗೂಡಿಗೆ ಬೆಕ್ಕನ್ನೂ ಮಾರಿದ ಹಾಗೆ. ಎರಡಕ್ಕೂ ಬಿಲ್ ಬೇರೆ. ಅವತ್ತು ನನಗೆ ಇದು ಹೊಳೆಯಲಿಲ್ಲ, ಹಾಕಿಬಿಟ್ಟೆ. ಇನ್ನೊಂದು ಮಾತು, ಆ ಪುಡಿ ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ ಇಲ್ಲ. ತಯಾರಾದ ದಿನಾಂಕದ ಮೇಲೆ ಇನ್ನೊಂದು ದಿನಾಂಕದ ಚೀಟಿ ಅಂಟಿಸಿದೆ. ಉಗುರಿನಿಂದ ಕೆರೆದರೆ ಕೆಳಗಿನದೂ ಓದೋಕೆ ಬರುತ್ತದೆ.

ಹದಿನೈದು ದಿನಕ್ಕೊಂದು ಭೇಟಿಯ ಸುದ್ದಿ ಬೇಡ. ಒಂದೂ ಆಗಿಲ್ಲ. ಹದಿನಾರು ಸಾಲಿಗೆ ಒಂದು ಸಾಲು ಚೆಂಡು ಹೂ ನಾನೇ ಹಾಕಿದ್ದೆ, ಅದರಿಂದ ಕಾಯಿ ಕೊರಕ ಅಷ್ಟೇನೂ ಕಾಡಲಿಲ್ಲ. ನಿಮ್ಮ ಪಟ್ಟಿಯಲ್ಲಿ ಚೆಂಡು ಹೂ ಇರಲೇ ಇಲ್ಲ. ಅದಕ್ಕೆ ಬಿಲ್ ಮಾಡೋದು ಕಷ್ಟ ಇರಬೇಕು.

ಸೆಪ್ಟೆಂಬರ್ 10ರ ಹೊತ್ತಿಗೆ ತಗ್ಗಿನ ಮೂಲೆಯಲ್ಲಿ ಗಿಡ ಬಾಡತೊಡಗಿದವು. ಎಲೆ ಹಳದಿ ಆಗಲಿಲ್ಲ, ಚುಕ್ಕೆ ಬೀಳಲಿಲ್ಲ. ಹಸಿರು ಹಸಿರಾಗೇ ಕುತ್ತಿಗೆ ಮುರಿದ ಹಾಗೆ ಜೋತು ಬಿದ್ದವು. ಎರಡು ದಿನದಲ್ಲಿ ಸಾಲು, ವಾರದಲ್ಲಿ ಪಟ್ಟಿ. ಅಲ್ಲಿಂದ ನನ್ನ ಹನ್ನೊಂದು ಫೋನಿನ ಲೆಕ್ಕ ಶುರು.

ಈಗ ಸೆಪ್ಟೆಂಬರ್ 26ರ ಸಂಗತಿ. ಇದನ್ನು ನಿಮ್ಮ ಮೇಲಿನವರು ಪೂರ್ತಿ ಓದಬೇಕು.

ಅವತ್ತು ಒಂದು ಸೊರಗಿದ ಗಿಡವನ್ನು ಬೇರು ಸಮೇತ ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ, ಟವೆಲ್‌ನಲ್ಲಿ ಒಂದು ಗಾಜಿನ ಲೋಟ ಸುತ್ತಿಕೊಂಡು ಬಸ್ ಹತ್ತಿದೆ. ಕೊಪ್ಪಳದ ನಿಮ್ಮ ಶಾಖೆಗೆ ಬಂದಾಗ 11 ಗಂಟೆ 20 ನಿಮಿಷ. ಗಾಜಿನ ಬಾಗಿಲು, ಒಳಗೆ ಎಸಿ. ಕೌಂಟರ್‌ನಲ್ಲಿದ್ದ ಹುಡುಗಿ ನನ್ನ ಮುಖ ನೋಡಲಿಲ್ಲ, ಚೀಲ ನೋಡಿದಳು. ‘ಅದನ್ನ ಹೊರಗಿಟ್ಟು ಬನ್ನಿ, ಟೈಲ್ಸ್ ಮಣ್ಣಾಗುತ್ತೆ.’ ಅವಳ ತಲೆಯ ಮೇಲೆ, ಗೋಡೆ ತುಂಬ, ಬೊಗಸೆಯಲ್ಲಿ ಮಣ್ಣು ಹಿಡಿದ ರೈತನ ಚಿತ್ರ. ಆತನ ಉಗುರು ನನ್ನ ಉಗುರಿಗಿಂತ ಸ್ವಚ್ಛ ಇದ್ದವು. ಚೀಲ ಹೊರಗಿಟ್ಟರೆ ತೋರಿಸೋದೇನು ತಂಗಿ ಅಂದೆ. ‘ಹಂಗಾದ್ರೆ ನೀವೂ ಹೊರಗೇ ಕೂತ್ಕೊಳ್ಳಿ’ ಅಂದಳು. ಚಪ್ಪಲಿ ಬಿಡುವ ಮೆಟ್ಟಿಲ ಮೇಲೆ ಕೂತೆ. 1 ಗಂಟೆ 5 ನಿಮಿಷದವರೆಗೆ. ನಡುವೆ ಚಹಾ ತರುವ ಹುಡುಗ ನನ್ನನ್ನು ಎರಡು ಸಲ ದಾಟಿ ಹೋದ.

ಆಮೇಲೆ ನಿಮ್ಮ ಬೆಳೆ ತಜ್ಞರು ಬಂದರು. ಬಾಗಿಲು ದಾಟಲಿಲ್ಲ. ಅಲ್ಲಿಂದಲೇ ಮೊಬೈಲ್ ಚಾಚಿ ಗಿಡದ ಫೋಟೊ ಹೊಡೆದರು. ನಿಮ್ಮ ಆ್ಯಪ್ ಉತ್ತರ ಕೊಟ್ಟಿತು: ‘ನೀರಿನ ಕೊರತೆ. ನೀರು ಹೆಚ್ಚಿಸಿ.’

‘ಡ್ರಿಪ್ ಇದೆ ಸರ್, ಬುಡ ಹಸಿ ಇದೆ. ಹಸಿರಾಗೇ ಬಾಡಿದೆ, ನೋಡ್ರಿ’ ಅಂದೆ.

‘ಆ್ಯಪ್ ಸುಳ್ಳು ಹೇಳುತ್ತಾ ಮೇಡಂ?’

ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದ ತರಬೇತಿಯಲ್ಲಿ ಕಲಿತದ್ದು ನೆನಪಿತ್ತು. ಚಹಾ ಹುಡುಗನ ಹತ್ತಿರ ನೀರು ಕೇಳಿ ಲೋಟ ತುಂಬಿಸಿದೆ. ಬುಡದ ಹತ್ತಿರ ಕಾಂಡ ಕತ್ತರಿಸಿ, ತುದಿ ನೀರಿಗೆ ತಾಗುವ ಹಾಗೆ ಅಲುಗಾಡದಂತೆ ಹಿಡಿದೆ. ತಜ್ಞರು ‘ಇದು ಲ್ಯಾಬ್ ಅಲ್ಲ ಮೇಡಂ’ ಅಂದರು. ಅದು ಲ್ಯಾಬ್ ಅಲ್ಲ ಅನ್ನೋದು ಅವತ್ತೇ ಖಾತ್ರಿ ಆಯ್ತು. ನಾಲ್ಕು ನಿಮಿಷಕ್ಕೆ ಕಾಂಡದಿಂದ ಬಿಳಿ ಎಳೆ ಇಳಿಯತೊಡಗಿತು. ಚಹಾ ಹುಡುಗ ಬಗ್ಗಿ ನೋಡಿ, ‘ಯಕ್ಕಾ, ಹಾಲು ಬಿಟ್ಟಂಗ ಆತಲ್ಲ’ ಅಂದ. ಸಂಬಳ ಇಲ್ಲದೆ ಆ ಹುಡುಗನಿಗೆ ಕಂಡದ್ದು ದುಂಡಾಣು ಸೊರಗು ರೋಗ. ಇದು ಬ್ಯಾಕ್ಟೀರಿಯಾದ ಕೆಲಸ, ಕಾಂಡದಿಂದ ಇಳಿದ ಬಿಳಿ ಎಳೆಯೇ ಆ ಬ್ಯಾಕ್ಟೀರಿಯಾ. ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ, ಹರಿಯುವ ನೀರಿನ ಜೊತೆ ಮುಂದಿನ ಸಾಲಿಗೆ ಹೋಗುತ್ತದೆ. ಅಂಥದ್ದಕ್ಕೆ ನಿಮ್ಮ ಆ್ಯಪ್ ನೀರು ಜಾಸ್ತಿ ಬಿಡು ಅನ್ನುತ್ತದೆ.

ತಜ್ಞರು ಲೋಟದ ಕಡೆ ನೋಡಲೇ ಇಲ್ಲ. ‘ನಿಮಗೆ ಹೇಳಿದ್ರೆ ಅರ್ಥ ಆಗಲ್ಲ, ಯಜಮಾನರನ್ನ ಕಳಿಸಿ’ ಅಂದರು.

‘ಅವರು ತೀರಿಕೊಂಡು ಆರು ವರ್ಷ ಆಯ್ತು ಸರ್.’

‘ಹಂಗಾದ್ರೆ ಮಗನನ್ನ ಕಳಿಸಿ.’

ಮಗ ಎಂಟನೇ ತರಗತಿ. ಅವತ್ತು ಅವನಿಗೆ ಗಣಿತದ ಪರೀಕ್ಷೆ ಇತ್ತು.

ಕೊನೆಗೆ ಒಂದು ಚೀಟಿ ಬರೆದು ಕೊಟ್ಟರು. ಮತ್ತೆ ಕಾರ್ಬೆಂಡಜಿಮ್. ಬ್ಯಾಕ್ಟೀರಿಯಾಕ್ಕೆ ಶಿಲೀಂಧ್ರದ ಔಷಧ! ಚೀಟಿ ನನ್ನ ಹತ್ತಿರ ಜೋಪಾನವಾಗಿದೆ, ಸಹಿ ಸಮೇತ. ಹೊರಡುವಾಗ ಕೌಂಟರ್ ಹುಡುಗಿ ಒಂದು ಹಳೆ ಬಟ್ಟೆ ಚಾಚಿದಳು. ಬಾಗಿಲ ಹತ್ತಿರ ಒಂದೆರಡು ಹನಿ ನೀರು, ಚಿಟಿಕೆ ಮಣ್ಣು ಬಿದ್ದಿತ್ತು. ನಾನು ಕೂತು ಒರೆಸಿದೆ. ಯಾಕೆ ಒರೆಸಿದೆ ಅಂತ ಇವತ್ತಿಗೂ ಗೊತ್ತಾಗಿಲ್ಲ.

ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಅದೇ ಮೂಲೆಯಲ್ಲಿ ಎರಡು ವರ್ಷದ ಹಿಂದೆ ಬದನೆ ಹೀಗೇ ಸತ್ತಿತ್ತು. ಹೋದ ಸಲ ಮೆಣಸಿನಕಾಯಿ ಹಾಕಿದ್ದೆ. ಟೊಮೆಟೊ ಸೇರಿ ಮೂರೂ ಒಂದೇ ಕುಟುಂಬ, ಮೂರಕ್ಕೂ ಇದೇ ರೋಗ. ನಡುವೆ ಮೆಕ್ಕೆಜೋಳವನ್ನೋ ಜೋಳವನ್ನೋ ಹಾಕಿ ಮಣ್ಣಿಗೆ ಬಿಡುವು ಕೊಡಬೇಕಿತ್ತು. ಆದರೆ ನಿಮ್ಮ ಫಾರಂನಲ್ಲಿ ‘ಹಿಂದಿನ ಬೆಳೆ’ ಅಂತ ಒಂದು ಖಾನೆ ಇದೆ. ತುಂಬಿದವರು ನಿಮ್ಮವರು. ಅದರಲ್ಲಿ ಒಂದು ಗೆರೆ ಎಳೆದು ಬಿಟ್ಟಿದ್ದಾರೆ. ಅದನ್ನು ಕೇಳಿದ್ದರೆ, ಈ ಮೂಲೆಗೆ ಟೊಮೆಟೊ ಬೇಡ ಅನ್ನೋ ಒಂದು ಮಾತಿಗೆ 14,500 ಸಾರ್ಥಕ ಆಗುತ್ತಿತ್ತು.

ಸೊರಗಿದ ಗಿಡಗಳನ್ನು ನಾನೇ ಕಿತ್ತು ಸುಟ್ಟಿದ್ದೇನೆ. ಆ ಮೂಲೆಯ ಡ್ರಿಪ್ ಪೈಪ್ ಬಂದ್ ಮಾಡಿದ್ದೇನೆ. ಅಲ್ಲಿ ಆಡಿಸಿದ ಕುಡುಗೋಲು, ಸಲಿಕೆ ತೊಳೆಯದೆ ಬೇರೆ ಸಾಲಿಗೆ ಒಯ್ಯುತ್ತಿಲ್ಲ. 2,900 ಗಿಡ ಹೋದವು. ಮೊನ್ನೆ ಮೊದಲ ಕೊಯ್ಲು, 19 ಬಾಕ್ಸ್.

ನಾನು ಕೇಳುತ್ತಿರುವುದು: 14,500 ರೂಪಾಯಿ ವಾಪಸ್, ಹೋದ ಗಿಡಗಳ ನಷ್ಟ, ಕಾಕಾ ಅವರ ಹಣವೂ ವಾಪಸ್. ನನ್ನ ಹೊಲದ ಮಣ್ಣು ಯಾವ ಲ್ಯಾಬ್‌ನಲ್ಲಿ ಯಾವತ್ತು ಪರೀಕ್ಷೆ ಆಯಿತು ಅನ್ನೋ ಕಾಗದ. ಕೊಡೋದಿಲ್ಲ ಅಂತ ಗೊತ್ತು. ಆದರೂ ಕೇಳಿದ್ದೇನೆ, ಮುಂದೆ ಕೇಳಲಿಲ್ಲ ಅನ್ನಬಾರದು ನೋಡಿ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಪುಡಿ ಪೊಟ್ಟಣ ಕೃಷಿ ಇಲಾಖೆಗೆ ಹೋಗುತ್ತದೆ. ಟ್ರೈಕೋಡರ್ಮಾ ಕೂಡ 1968ರ ಕೀಟನಾಶಕ ಕಾಯ್ದೆಯೊಳಗೆ ಬರುತ್ತದೆ, ನೋಂದಣಿ ಇಲ್ಲದೆ ಮಾರಿದರೆ ಏನಾಗುತ್ತದೆ ಅಂತ ನಿಮ್ಮ ವಕೀಲರನ್ನು ಕೇಳಿ. ಎರಡು ವರದಿ, ಒಂದು ಚೀಟಿ, ಹನ್ನೊಂದು ಫೋನಿನ ಪಟ್ಟಿ, ನಿನ್ನೆಯ ಮೆಸೇಜು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತವೆ. 5 ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕ ಇಲ್ಲ. ರೈತರು ಗ್ರಾಹಕರಲ್ಲ ಅಂತ ವಾದ ಮಾಡೋಕೆ ಹೋಗಬೇಡಿ. ಬೀಜದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಅದನ್ನು ತಳ್ಳಿ ಹಾಕಿದೆ. ಮುಂದಿನ ಸಲ ನಿಮ್ಮ ಜೀಪು ನಮ್ಮ ಹೋಬಳಿಯ ಯಾವ ಕಟ್ಟೆಗೆ ಬಂದರೂ, ಸಭೆಯಲ್ಲಿ ಮೊದಲ ಸಾಲಿನಲ್ಲಿ ನಾನು, ಕಾಕಾ ಇಬ್ಬರೂ ವರದಿ ಹಿಡಿದು ಕೂತಿರುತ್ತೇವೆ.

ಇಷ್ಟೆಲ್ಲ ಆದಮೇಲೂ ಉತ್ತರ ಬರದಿದ್ದರೆ ಕೊಪ್ಪಳಕ್ಕೆ ನಾನೇ ಬರುತ್ತೇನೆ. ಈ ಸಲ ಬಸ್ಸಿನಲ್ಲಿ ಅಲ್ಲ, ಟ್ರ್ಯಾಕ್ಟರ್‌ನಲ್ಲಿ. ರೋಗದ ಗಿಡ ಊರೂರು ತಿರುಗಿಸಬಾರದು ಅಂತ ಗೊತ್ತು, ಅದಕ್ಕೆ ಗಿಡ ತರುವುದಿಲ್ಲ. ನನ್ನ ಬೇವಿನ ಮರದ ಕೆಳಗಿನ ಮಣ್ಣು ತರುತ್ತೇನೆ. ಅದು ಒಳ್ಳೆಯ ಮಣ್ಣು, ನಿಮ್ಮದೇ ವರದಿ ಇದೆ. ಒಂದು ಟ್ರೇಲರ್ ತುಂಬ. ಒರೆಸೋ ಬಟ್ಟೆ ನೀವೇ ತೆಗೆದಿಟ್ಟಿರಿ.

ಇಂತಿ,
ನಿಮ್ಮ ‘ಬಗೆಹರಿದ’ ಗ್ರಾಹಕಿ

ಮೆಸೇಜ್‌ನಲ್ಲಿ ಕೇಳಿದ್ದಕ್ಕೆ ಉತ್ತರ: ಐದರಲ್ಲಿ ಒಂದು. ಅದು ಆ ಚಹಾ ಹುಡುಗನಿಗೆ.