ಪನಾಮಾ ಕಾಲುವೆಯ ಪ್ರಯಾಣ: ಕೋಣೆ ಕಾದಿರಿಸುವ ಮುನ್ನ

ಮಾನ್ಯ ಸಂಪಾದಕರಿಗೆ,

ವಂದನೆಗಳು. ತಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಪನಾಮಾ ಕಾಲುವೆಯ ಹಡಗು ಪ್ರಯಾಣದ ಕುರಿತು ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕಾಲುವೆಯ ಇತಿಹಾಸವನ್ನು ಲೇಖಕರು ಸೊಗಸಾಗಿ ಹೇಳಿದ್ದಾರೆ. ಆದರೆ ಹಡಗಿನಲ್ಲಿ ಯಾವ ಕೋಣೆ ಹಿಡಿಯಬೇಕು ಎಂಬ ಪ್ರಶ್ನೆಗೆ, ಹಣ ಹೆಚ್ಚಾದರೂ ಚಿಂತೆಯಿಲ್ಲ, ಬಾಲ್ಕನಿ ಇರುವ ಕೋಣೆಯನ್ನೇ ಕಾದಿರಿಸಿ ಎಂಬ ಒಂದೇ ಸಾಲಿನ ಉತ್ತರ ಕೊಟ್ಟು ಮುಗಿಸಿದ್ದಾರೆ. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು ಊರಿನಿಂದ ಬಂದ ತಂದೆತಾಯಿಯರನ್ನು ಫ್ಲಾರಿಡಾದ ಬಂದರುಗಳಿಂದ ಹೊರಡುವ ಇಂಥ ಹಡಗುಗಳಲ್ಲಿ ಕರೆದೊಯ್ಯುವುದು ನಮ್ಮ ಕುಟುಂಬಗಳಲ್ಲಿ ಈಗ ಅಪರೂಪವಲ್ಲ. ಅಷ್ಟು ದುಡ್ಡು ಸುರಿದು ಹೋಗುವವರಿಗೆ ಈ ಸಲಹೆ ಸಾಲದು, ಕೆಲವರ ಮಟ್ಟಿಗೆ ಅದು ಸರಿಯೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ನಾನು ನೀರಾವರಿ ಎಂಜಿನಿಯರಾಗಿ ದುಡಿದು ನಿವೃತ್ತನಾದವನು. ಪತ್ನಿ ಮತ್ತು ಮಗಳ ಕುಟುಂಬದೊಂದಿಗೆ ಈ ಕಾಲುವೆಯನ್ನು ದಾಟಿ ಬಂದವನು. ಆ ಅಧಿಕಾರದಿಂದ ಈ ಪತ್ರ ಬರೆಯುತ್ತಿದ್ದೇನೆ.

ಯಾವ ಕೋಣೆ ಎಂದು ಕೇಳುವ ಮೊದಲು, ನಮ್ಮ ಹಡಗು ಯಾವ ಲಾಕ್‌ಗಳ ಮೂಲಕ ಹೋಗುತ್ತದೆ ಎಂದು ಕೇಳಬೇಕು. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಜೋಡಿಸುವ, 1914ರ ಆಗಸ್ಟ್ 15ರಂದು ತೆರೆದ ಈ ಕಾಲುವೆಯ ಉದ್ದ ಸುಮಾರು 80 ಕಿಲೋಮೀಟರ್. ಸಮುದ್ರಮಟ್ಟದಿಂದ 26 ಮೀಟರ್ ಎತ್ತರದಲ್ಲಿರುವ ಗಾಟುನ್ ಸರೋವರಕ್ಕೆ ಹಡಗು ಒಂದು ಕಡೆಯಿಂದ ಏರಿ, ಅದನ್ನು ದಾಟಿ, ಇನ್ನೊಂದು ಕಡೆ ಇಳಿಯುತ್ತದೆ. ಏರಿಸಿ ಇಳಿಸುವ ಕೆಲಸ ಲಾಕ್‌ಗಳದು. ಎರಡೂ ತುದಿಗೆ ಕದವಿರುವ ದೊಡ್ಡ ಕಾಂಕ್ರೀಟ್ ತೊಟ್ಟಿಗಳವು. ಪಂಪುಗಳಿಲ್ಲ; ಸರೋವರದ ನೀರು ತನ್ನ ಭಾರದಿಂದಲೇ ಹರಿದುಬಂದು ತೊಟ್ಟಿಯನ್ನು ತುಂಬುತ್ತದೆ, ಮತ್ತೆ ಹಾಗೆಯೇ ಸಮುದ್ರಕ್ಕೆ ಇಳಿಯುತ್ತದೆ. ಅಟ್ಲಾಂಟಿಕ್ ಕಡೆಯ ಗಾಟುನ್‌ನಲ್ಲಿ ಮೂರು ಹಂತ, ಪೆಸಿಫಿಕ್ ಕಡೆ ಪೆಡ್ರೊ ಮಿಗೆಲ್‌ನಲ್ಲಿ ಒಂದು ಮತ್ತು ಮಿರಾಫ್ಲೋರೆಸ್‌ನಲ್ಲಿ ಎರಡು. ಇವು ಹಳೆಯ ಲಾಕ್‌ಗಳು. 2016ರ ಜೂನ್ 26ರಂದು ಉದ್ಘಾಟನೆಯಾದ ಹೊಸ ಲಾಕ್‌ಗಳು ಅಟ್ಲಾಂಟಿಕ್ ಕಡೆ ಆಗ್ವಾ ಕ್ಲಾರಾ, ಪೆಸಿಫಿಕ್ ಕಡೆ ಕೊಕೊಲಿ.

ಕೋಣೆಯ ಬೆಲೆಗೂ ಈ ಲೆಕ್ಕಕ್ಕೂ ನೇರ ಸಂಬಂಧವಿದೆ. ಹಳೆಯ ತೊಟ್ಟಿಯ ಅಗಲ 33.5 ಮೀಟರ್, ಉದ್ದ 305 ಮೀಟರ್. ಅದರೊಳಗೆ ಹಿಡಿಸುವಂತೆಯೇ ಕಟ್ಟಿದ ಹಡಗುಗಳ ಅಗಲ ಸುಮಾರು 32.3 ಮೀಟರ್. ಅಂದರೆ ಹಡಗಿನ ಮೈಗೂ ಗೋಡೆಗೂ ನಡುವೆ ಎರಡೂ ಪಕ್ಕದಲ್ಲಿ ಉಳಿಯುವುದು ಸುಮಾರು 60 ಸೆಂಟಿಮೀಟರ್ ಮಾತ್ರ. ಕೆಳ ಅಂತಸ್ತಿನಲ್ಲಿ ಕಿಟಕಿಯ ಕೋಣೆ ಹಿಡಿದವರಿಗೆ, ಮೇಲೇರಲು ಹಡಗು ನೀರಿನ ಮಟ್ಟ ತಗ್ಗಿರುವ ತೊಟ್ಟಿಯನ್ನು ಹೊಕ್ಕಾಗ ಗಾಜಿನಾಚೆ ಕಾಣುವುದು ಒದ್ದೆ ಕಾಂಕ್ರೀಟು, ಅದರ ಮೇಲಿನ ಪಾಚಿ ಮತ್ತು ನೀರು ನಿಂತ ಗುರುತುಗಳ ಗೆರೆಗಳು. ಕೋಣೆ ಮಬ್ಬಾಗುತ್ತದೆ. ನೀರು ತುಂಬುತ್ತಾ ಹೋದಂತೆ ಗೋಡೆ ನಿಧಾನವಾಗಿ ಕೆಳಗಿಳಿದು ಬೆಳಕು ಬರುತ್ತದೆ, ಹುಲ್ಲು ಕಾಣುತ್ತದೆ, ಹಡಗನ್ನು ಬಿಗಿಹಿಡಿಯಲು ದಡದ ಹಳಿಯ ಮೇಲೆ ಓಡಾಡುವ ಎಂಜಿನ್‌ಗಳ ಗಾಲಿಗಳು ಕಣ್ಣಿನ ಮಟ್ಟಕ್ಕೆ ಬರುತ್ತವೆ. ಎಂಜಿನಿಯರನ ಕಣ್ಣಿಗೆ ಇದು ಹಬ್ಬವೇ. ಶತಮಾನದ ಹಿಂದೆ ಹಾಕಿದ ಕಾಂಕ್ರೀಟನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಬೇರೆಲ್ಲಿ ಸಿಕ್ಕೀತು? ಆದರೆ ಕಾಡು, ಬೆಟ್ಟ, ಸರೋವರ ನೋಡಲೆಂದು ಬಂದವರಿಗೆ ಅದು ನಿರಾಸೆ ತರಬಹುದು.

ಹೊಸ ಲಾಕ್‌ಗಳ ಸಂಗತಿ ಬೇರೆ. ಅಲ್ಲಿನ ತೊಟ್ಟಿಯ ಅಗಲ 55 ಮೀಟರ್, ಉದ್ದ 427 ಮೀಟರ್. 2018ರ ಮೇ ತಿಂಗಳಲ್ಲಿ ಹೊಸ ಹಾದಿಯಲ್ಲಿ ಸಾಗಿದ ನಾರ್ವೀಜಿಯನ್ ಬ್ಲಿಸ್ ಹಡಗಿನ ಅಗಲ ಸುಮಾರು 41 ಮೀಟರ್. ಅಷ್ಟು ದೊಡ್ಡ ಹಡಗಿಗೂ ಎರಡೂ ಪಕ್ಕದಲ್ಲಿ ಸಾಕಷ್ಟು ಜಾಗ ಉಳಿಯುತ್ತದೆ. ಗೋಡೆ ಮೈಗೆ ಅಂಟಿದಂತಿರುವುದಿಲ್ಲ. ಹಡಗನ್ನು ಹಿಡಿದು ನಡೆಸುವುದು ಹಿಂದೆ ಮುಂದೆ ಕಟ್ಟಿದ, ಟಗ್ ಎಂಬ ಬಲವಾದ ಎಳೆದೋಣಿಗಳು. ತೊಟ್ಟಿಯ ಒಂದು ಪಕ್ಕದಲ್ಲಿ, ಬಳಸಿದ ನೀರಿನ ಶೇಕಡ 60ರಷ್ಟನ್ನು ಹಿಡಿದಿಟ್ಟು ಮತ್ತೆ ಬಳಸಲು ಕಟ್ಟಿರುವ ವಿಶಾಲ ಕೊಳಗಳಿವೆ. ಹಳೆಯ ಲಾಕ್‌ಗಳಲ್ಲಿ ಒಂದು ಹಡಗು ಈ ತುದಿಯಿಂದ ಆ ತುದಿಗೆ ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರದ ಪಾಲಾಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಸರೋವರ ಇಳಿದಾಗ ದಿನಕ್ಕೆ ಬಿಡುವ ಹಡಗುಗಳ ಸಂಖ್ಯೆಯನ್ನೇ ಕಡಿಮೆ ಮಾಡಬೇಕಾಯಿತು. ಕಾವೇರಿ ಕಣಿವೆಯಲ್ಲಿ ಜಲಾಶಯದ ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ನೋಡುವ ನಮಗೆ ಆ ಕೊಳಗಳ ಬೆಲೆ ಬಿಡಿಸಿ ಹೇಳಬೇಕಿಲ್ಲ. ಅವನ್ನು ಪೂರ್ಣವಾಗಿ ನೋಡಬೇಕಾದರೆ ಮೇಲಿನ ತೆರೆದ ಡೆಕ್‌ಗೇ ಹೋಗಬೇಕು.

ನನ್ನ ವಾದದ ಮುಖ್ಯ ಅಂಶವೂ ಇದೇ. ಹಡಗು ಕಾಲುವೆ ದಾಟುವ ದಿನದಂದು ನೋಡತಕ್ಕದ್ದೆಲ್ಲ ಹಡಗಿನ ಮುಂದೆ ನಡೆಯುತ್ತದೆ. ಬಾಲ್ಕನಿಯಾದರೋ ಪಕ್ಕಕ್ಕೆ ಮುಖ ಮಾಡಿರುತ್ತದೆ. ಹಳೆಯ ಲಾಕ್‌ನಲ್ಲಿ ಮೊದಲು ಇಬ್ಬರು ಹುಟ್ಟುಹಾಕುವ ಸಣ್ಣ ದೋಣಿಯೊಂದು ಅಷ್ಟು ದೊಡ್ಡ ಹಡಗಿನ ಬಳಿಗೆ ಬಂದು ಹಗ್ಗದ ತುದಿಯನ್ನು ಹಿಡಿದುಕೊಳ್ಳುತ್ತದೆ. ಆ ಹಗ್ಗದ ಮೂಲಕವೇ ದಡದ ಮೇಲಿನ ಎಲೆಕ್ಟ್ರಿಕ್ ಎಂಜಿನ್‌ಗಳ ಉಕ್ಕಿನ ಹೊರಜಿಗಳು ಹಡಗಿಗೆ ಬಂದು ಸೇರುತ್ತವೆ. ಅಲ್ಲಿಯವರು ಮ್ಯೂಲ್, ಅಂದರೆ ಹೇಸರಗತ್ತೆ, ಎಂದು ಕರೆಯುವ ಆ ಎಂಜಿನ್‌ಗಳು ಹಡಗನ್ನು ಎಳೆಯುವುದಿಲ್ಲ. ಹಡಗು ತನ್ನ ಯಂತ್ರದ ಬಲದಿಂದಲೇ ಸಾಗುತ್ತದೆ, ಅದು ಗೋಡೆಗೆ ತಾಗದಂತೆ ಎರಡೂ ಕಡೆಯಿಂದ ಬಿಗಿಹಿಡಿದು ನಡುವೆ ನಿಲ್ಲಿಸುವುದು ಅವುಗಳ ಕೆಲಸ. ಹಡಗಿಗೆ ದಾರಿ ತೋರುವ ಪೈಲಟ್ ಕೊಟ್ಟ ಸೂಚನೆಗೆ ಅವು ಗಂಟೆ ಬಾರಿಸಿ ಓಗೊಡುತ್ತವೆ. ಮುಂದೆ, ಎರಡು ಮೀಟರ್ ದಪ್ಪದ ಉಕ್ಕಿನ ಕದಗಳು ನಮ್ಮ ಹಳೆಯ ಮನೆಗಳ ಜೋಡಿ ಬಾಗಿಲಿನಂತೆ ನಡುವೆ ಸೀಳಿ ತೆರೆದುಕೊಳ್ಳುತ್ತವೆ. ಇವೆಲ್ಲ ಬಾಲ್ಕನಿಯ ಕಂಬಿ ಹಿಡಿದು ಎಷ್ಟು ಬಾಗಿದರೂ ಸರಿಯಾಗಿ ಕಾಣುವುದಿಲ್ಲ. ಬೇರೆ ದಿನಗಳಲ್ಲಿ ಮುಚ್ಚಿರುವ ಮುಂಭಾಗದ ಡೆಕ್ಕನ್ನು ಅನೇಕ ಹಡಗುಗಳಲ್ಲಿ ಆ ದಿನ ಪ್ರಯಾಣಿಕರಿಗೆ ತೆರೆದಿಡುತ್ತಾರೆ. ಬೆಳಗಿನ ಜಾವವೇ ಎದ್ದು ಅಲ್ಲಿಗೆ ಹೋಗಿ ನಿಲ್ಲುವವನಿಗೆ, ಅವನು ಕಿಟಕಿಯೇ ಇಲ್ಲದ ಒಳಕೋಣೆ ಹಿಡಿದಿದ್ದರೂ, ಸ್ವೀಟ್ ಎಂಬ ದುಬಾರಿ ದೊಡ್ಡ ಕೋಣೆ ಹಿಡಿದವನಿಗೆ ಕಾಣುವಷ್ಟೇ ಕಾಣುತ್ತದೆ. ಕಾಲುಗಳಲ್ಲಿ ಕಸುವಿರುವವರು, ಕಾಲುವೆ ನೋಡುವುದಕ್ಕಾಗಿ ಮಾತ್ರ ಬಾಲ್ಕನಿಗೆ ಹೆಚ್ಚು ಹಣ ಕೊಡುವುದು ಅನಗತ್ಯ.

ಹಾಗಾದರೆ ಬಾಲ್ಕನಿ ಯಾರಿಗೆ ಬೇಕು? ನಮ್ಮ ಹಿರಿಯರಿಗೆ ಬೇಕು. ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಲು ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ. ಸಮಭಾಜಕ ವೃತ್ತಕ್ಕೆ ಹತ್ತಿರದ ಆ ಸೀಮೆಯಲ್ಲಿ ಬಿಸಿಲಿಗಿಂತ ಸೆಕೆ ಹೆಚ್ಚು. ಮಂಗಳೂರಿನ ಮೇ ತಿಂಗಳನ್ನು ಬಲ್ಲವರಿಗೆ ಅದರ ಅಂದಾಜು ಸಿಗುತ್ತದೆ. ತೆರೆದ ಡೆಕ್‌ನಲ್ಲಿ ನೆರಳಿರುವ ಕುರ್ಚಿಗಳು ಬೆಳಗ್ಗೆಯೇ ತುಂಬಿಹೋಗುತ್ತವೆ. ಮಂಡಿನೋವಿರುವ ಅಮ್ಮನೋ ಸಕ್ಕರೆ ಕಾಯಿಲೆಯ ಅಪ್ಪನೋ ಬೇಕೆನಿಸಿದಾಗ ಹೊರಗೆ ಕೂತು, ದಣಿದಾಗ ಒಳಗೆ ಬಂದು ಮಲಗಿ, ಶೌಚಾಲಯಕ್ಕಾಗಿ ದೂರ ನಡೆಯದೆ ದಿನ ಕಳೆಯುವಂತಿರಬೇಕಾದರೆ ಬಾಲ್ಕನಿಗೆ ಕೊಟ್ಟ ಹಣ ಸಾರ್ಥಕ. ಅಂಥವರಿಗೆ ಹಡಗಿನ ನಡುಭಾಗದಲ್ಲಿ, ಲಿಫ್ಟಿಗೆ ಹತ್ತಿರ, ಆದರೆ ಲಿಫ್ಟಿನ ಬಾಗಿಲಿಗೇ ಎದುರಾಗದ ಕೋಣೆ ಒಳ್ಳೆಯದು. ಗಾಲಿಕುರ್ಚಿ ಬಳಸುವವರಿಗೆಂದೇ ಅಗಲ ಬಾಗಿಲಿನ, ಸ್ನಾನಗೃಹಕ್ಕೆ ಹೊಸ್ತಿಲಿಲ್ಲದ ಕೋಣೆಗಳಿರುತ್ತವೆ. ಅವು ಪ್ರತಿ ಹಡಗಿನಲ್ಲೂ ಕೆಲವೇ ಇರುವುದರಿಂದ ಬಹಳ ಮುಂಚಿತವಾಗಿ ಕೇಳಬೇಕು.

ಎಡಪಕ್ಕವೋ ಬಲಪಕ್ಕವೋ ಎಂದು ಕೇಳುವವರು ಬಹಳ ಮಂದಿ. ಅಟ್ಲಾಂಟಿಕ್ ಕಡೆಯ ಕೆರಿಬಿಯನ್ ಸಮುದ್ರದಿಂದ ಪೆಸಿಫಿಕ್ ಸಾಗರಕ್ಕೆ ಹೋಗುವ ಹಡಗು ಪಶ್ಚಿಮಕ್ಕೆ ಸಾಗುತ್ತದೆಂದು ಎಲ್ಲರೂ ಭಾವಿಸುತ್ತಾರೆ. ಎರಡು ಸಾಗರಗಳ ನಡುವಿನ ಕಿರಿದಾದ ನೆಲ, ಅಂದರೆ ಭೂಕಂಠ, ಅಲ್ಲಿ ಬಳುಕಿರುವುದರಿಂದ ಹಡಗು ವಾಸ್ತವವಾಗಿ ಆಗ್ನೇಯ ದಿಕ್ಕಿಗೆ ಹೋಗುತ್ತದೆ. ಆದ್ದರಿಂದ ಮಧ್ಯಾಹ್ನದ ನಂತರದ ಬಿಸಿಲು ಹೊಡೆಯುವುದು ಹಡಗಿನ ಬಲಪಕ್ಕಕ್ಕೆ; ನೆರಳು ಎಡಪಕ್ಕಕ್ಕೆ. ಚಾಗ್ರೆಸ್ ನದಿ ಬಂದು ಸೇರುವ ಗಂಬೋವಾ ಊರು, ಕಾಲುವೆಗಾಗಿ ಕಡಿದ ಕುಲೆಬ್ರಾ ಕಣಿವೆಯಲ್ಲಿ ನಿಂತಿರುವ ಗೋಲ್ಡ್ ಹಿಲ್ ಬೆಟ್ಟ, ಮಿರಾಫ್ಲೋರೆಸ್‌ನಲ್ಲಿ ನಮ್ಮತ್ತ ಕೈಬೀಸುವ ಜನರು ತುಂಬಿದ ವೀಕ್ಷಣಾ ಕೇಂದ್ರ, ಕೊನೆಗೆ ಪನಾಮಾ ನಗರದ ಗಗನಚುಂಬಿಗಳು, ಇವೆಲ್ಲ ಪೂರ್ವದ ದಡದವು, ಅಂದರೆ ಎಡಕ್ಕೆ. ಬಲಕ್ಕೆ ಗಾಟುನ್ ಅಣೆಕಟ್ಟು ಮತ್ತು 1923ರಿಂದ ಸಂಶೋಧನೆಗೆ ಮೀಸಲಾಗಿರುವ ಬಾರೊ ಕೊಲೊರಾಡೊ ದ್ವೀಪ ಸಿಗುತ್ತವೆ. ನನ್ನನ್ನು ಕೇಳಿದರೆ ಎಡಪಕ್ಕ ಎನ್ನುತ್ತೇನೆ. ಪೆಸಿಫಿಕ್‌ನಿಂದ ಹಿಂದಿರುಗುವ ಹಡಗಾದರೆ ಇದೇ ಕಾರಣಕ್ಕೆ ಬಲಪಕ್ಕ. ಗಾಟುನ್ ಲಾಕ್ ಏರಿ, ಸರೋವರದಲ್ಲಿ ತಿರುಗಿ, ಬಂದ ದಾರಿಯಲ್ಲೇ ಇಳಿದುಹೋಗುವ ಅರ್ಧ ಪ್ರಯಾಣಗಳೂ ಉಂಟು. ಅಂಥ ಹಡಗಿನಲ್ಲಿ ಪಕ್ಕದ ಪ್ರಶ್ನೆಯೇ ಏಳುವುದಿಲ್ಲ. ಅದರಲ್ಲಿ ಕುಲೆಬ್ರಾ ಕಣಿವೆಯೂ ಮಿರಾಫ್ಲೋರೆಸ್ಸೂ ಕಾಣಸಿಗುವುದಿಲ್ಲ ಎಂಬುದನ್ನು ಮಾತ್ರ ಹಣ ಕಟ್ಟುವ ಮೊದಲೇ ತಿಳಿದಿರಬೇಕು.

ಕಾಲುವೆಯ ದಿನ ಒಂದೇ. ಫ್ಲಾರಿಡಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಪ್ರಯಾಣದಲ್ಲಿ ಉಳಿದ ಎರಡು ವಾರ ಸಮುದ್ರದ್ದು ಎಂಬುದನ್ನು ಲೇಖನ ಮರೆತಂತಿದೆ. ಕಾಲುವೆಯೊಳಗೆ ಹಡಗು ಅಲುಗುವುದೇ ಇಲ್ಲ. ಆದರೆ ಚಳಿಗಾಲದಲ್ಲಿ ಕೊಲಂಬಿಯಾ ತೀರದ ಕೆರಿಬಿಯನ್ ಸಮುದ್ರವೂ ಮೆಕ್ಸಿಕೊದ ದಕ್ಷಿಣದ ತೆವಾಂಟೆಪೆಕ್ ಕೊಲ್ಲಿಯೂ ಬಿರುಗಾಳಿಗೆ ಹೆಸರಾದವು. ವಾಕರಿಕೆಯ ಭಯವಿರುವವರು ಆದಷ್ಟು ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಟ್ಟನಡುವೆ ಕೋಣೆ ಹಿಡಿಯಬೇಕು. ಮೂತಿಯ ಕಡೆಯ ಎತ್ತರದ ಕೋಣೆಗಳಿಗೆ ತೂಗಾಟ ಹೆಚ್ಚು. ಈಜುಕೊಳದ ಡೆಕ್ಕಿನ ಕೆಳಗಿನ ಕೋಣೆಯಲ್ಲಿ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ರಂಗಮಂದಿರದ ಮೇಲಿನದರಲ್ಲಿ ರಾತ್ರಿ ಸಂಗೀತದ ಸದ್ದು.

ಇನ್ನೊಂದು ಮಾತನ್ನು ಹೇಳಲೇಬೇಕು. ನಮಗೆ ಪರಿಚಯದ ಹಿರಿಯ ದಂಪತಿಗೆ ಬೆಂಗಳೂರಿನ ಪ್ರವಾಸ ಸಂಸ್ಥೆಯೊಂದು ಸಮುದ್ರ ಕಾಣುವ ಕೋಣೆ ಎಂದು ಹೇಳಿ ಹಣ ಪಡೆದಿತ್ತು. ಹೋಗಿ ನೋಡಿದರೆ ಕಿಟಕಿಯ ಮುಂದೆ ಕಿತ್ತಳೆ ಬಣ್ಣದ ಲೈಫ್‌ಬೋಟ್ ತೂಗುತ್ತಿತ್ತು. ಮೇಲೊಂದು ಚೂರು ಆಕಾಶ, ಅಷ್ಟೆ. ಕೇಳಿದಾಗ, ನೋಟಕ್ಕೆ ಅಡ್ಡಿಯಿದೆ ಎಂದು ಷರತ್ತುಗಳಲ್ಲಿ ಬರೆದಿತ್ತಲ್ಲ ಎಂಬ ಉತ್ತರ ಬಂತು. ಇಂಗ್ಲಿಷಿನ ಸಣ್ಣಕ್ಷರಗಳನ್ನು ಓದಲು ಮಕ್ಕಳನ್ನು ಅವಲಂಬಿಸಿರುವ ಹಿರಿಯರಿಗೆ ಇದು ಅನ್ಯಾಯ. ಪ್ರತಿ ಹಡಗಿಗೂ ಅಂತಸ್ತುವಾರು ನಕ್ಷೆ ಇರುತ್ತದೆ. ಕೋಣೆಯ ಸಂಖ್ಯೆ ಗೊತ್ತಿದ್ದರೆ ಅದರ ಮೇಲೆ, ಕೆಳಗೆ, ಮುಂದೆ ಏನಿದೆ ಎಂದು ಐದು ನಿಮಿಷದಲ್ಲಿ ನೋಡಬಹುದು. ಕೋಣೆಯನ್ನು ಆಮೇಲೆ ಕಂಪನಿಯೇ ಗೊತ್ತುಮಾಡುತ್ತದೆ ಎಂಬ ಅಗ್ಗದ ಟಿಕೆಟ್ ಕೊಂಡವರಿಗೆ ಈ ಆಯ್ಕೆಯೇ ಇರುವುದಿಲ್ಲ.

ಆದ್ದರಿಂದ ನಮ್ಮ ಪ್ರವಾಸ ಸಂಸ್ಥೆಗಳಲ್ಲಿ ನನ್ನ ವಿನಂತಿ ಇಷ್ಟು. ಪನಾಮಾ ಪ್ರಯಾಣದ ಜಾಹೀರಾತು ಕೊಡುವಾಗ ಹಡಗಿನ ಹೆಸರು, ಅದು ಹೋಗುವುದು ಹಳೆಯ ಲಾಕ್‌ಗಳಲ್ಲೋ ಹೊಸದರಲ್ಲೋ, ಪೂರ್ಣ ದಾಟುವಿಕೆಯೋ ಅರ್ಧದ್ದೋ ಎಂಬುದನ್ನು ಬೆಲೆಯ ಪಕ್ಕದಲ್ಲೇ ಕನ್ನಡದಲ್ಲಿ ನಮೂದಿಸಲಿ. ಹಣ ಪಡೆಯುವ ಮೊದಲು ಕೋಣೆಯ ಸಂಖ್ಯೆಯನ್ನೂ ಅಂತಸ್ತಿನ ನಕ್ಷೆಯನ್ನೂ ಗ್ರಾಹಕರ ಕೈಗೆ ಕೊಡಲಿ. ತಮ್ಮ ಪುರವಣಿಯವರು ಮುಂದೆ ಇಂಥ ಲೇಖನ ಪ್ರಕಟಿಸುವಾಗ, ಓದುಗರಿಗೆ ಅರ್ಥವಾಗುವಂತೆ ಗುರುತು ಹಾಕಿದ ಒಂದು ನಕ್ಷೆಯನ್ನು ಅದರ ಜೊತೆಗೆ ಅಚ್ಚುಮಾಡಿದರೆ, ಅದನ್ನು ಕತ್ತರಿಸಿಟ್ಟುಕೊಂಡು ಮಕ್ಕಳಿಗೆ ತೋರಿಸಿ ಕೋಣೆ ಕೇಳುವವರು ಮೈಸೂರಿನಲ್ಲೂ ಇದ್ದಾರೆ, ಶಿವಮೊಗ್ಗದಲ್ಲೂ ಇದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನೀರಾವರಿ ಎಂಜಿನಿಯರ್,
ಮೈಸೂರು