ಪಕ್ಕದ ಬೆಂಚಿನ ಅಜ್ಜಿ

ಮಾನ್ಯರೇ,

1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡತೊಡಗಿದರು. 1890ರಲ್ಲಿ, ಜನ ದೂರವಿಟ್ಟ ಕುಷ್ಠರೋಗಿಗಳಿಗೂ ಆಸ್ಪತ್ರೆ ತೆರೆದರು. ಅವರ ಹೆಸರು ಹೇಳಿ ಬೀಗುವ ಊರಿನವನೇ ನಾನು.

ಇಗರ್ಜಿಯಲ್ಲಿ (ಚರ್ಚಿನಲ್ಲಿ) ನನ್ನ ಪಕ್ಕ ಕೂರುವ ಅಜ್ಜಿ ಪ್ರತಿ ಭಾನುವಾರ ಕಾಣಿಕೆ ಚೀಲಕ್ಕೆ 10 ರೂಪಾಯಿ ಹಾಕುವುದು ನನಗೆ ಕಾಣುತ್ತಿತ್ತು. ಕನ್ನಡಕದ ಒಂದು ಕಡ್ಡಿ ಮುರಿದು, ಅದನ್ನು ಹೊಲಿಗೆ ದಾರದಲ್ಲಿ ಕಿವಿಗೆ ಸಿಕ್ಕಿಸಿಕೊಂಡಿದ್ದು ಮಾತ್ರ ಕಂಡಿರಲಿಲ್ಲ. ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಹಬ್ಬದ ದಿನ, "ಮಗಾ, ಈ ಸಾಲು ಓದಿ ಹೇಳು" ಎಂದಾಗಲೇ ತಿಳಿದದ್ದು. ನಾಚಿಕೆಯಾಯಿತು.

ಅರ್ಜಿ ಕೊಟ್ಟವರಿಗೆ ನೆರವು ಸಿಗುತ್ತದೆ, ನಿಜ. ಇಂಥವರು ಕೇಳುವವರಲ್ಲ. ವಾಳೆಯ (ಇಗರ್ಜಿಯ ವಾರ್ಡಿನ) ಮುಖಂಡರಾದ ಗುರ್ಕಾರರು ವಂತಿಗೆಗೆಂದು ಬಂದಾಗ ರಶೀದಿ ಹರಿದು ಹೊರಡುವ ಮೊದಲು ಐದು ನಿಮಿಷ ಜಗಲಿಯಲ್ಲಿ ಕುಳಿತು ಮಾತಾಡಲಿ.

– ಓದುಗ, ಬೆಂದೂರು, ಮಂಗಳೂರು